‘ಮಳೆಗಾಲ’ ಬೇಡ, ‘ಆರಿದ್ರಾ’ ಬರೆಸಿ: ಸಣ್ಣ ಮಕ್ಕಳಿಗೆ ವರ್ಷವಿಡೀ ಬರವಣಿಗೆ

‘ಮಳೆಗಾಲ ನನಗೆ ತುಂಬಾ ಇಷ್ಟ. ಮಳೆಗಾಲದಲ್ಲಿ ಮಳೆ ಬರುತ್ತದೆ. ಮಳೆ ಬಂದರೆ ರೈತರಿಗೆ ಸಂತೋಷವಾಗುತ್ತದೆ. ನಾವು ಕಾಗದದ ದೋಣಿ ಮಾಡಿ ಬಿಡುತ್ತೇವೆ.’

ಶಿರಸಿ ಕಡೆಯ ಹಳ್ಳಿ ಶಾಲೆಯೊಂದರಲ್ಲಿ ಮೂರನೇ ತರಗತಿಯ 19 ಮಕ್ಕಳಿಗೆ ‘ಮಳೆಗಾಲ’ ಎಂದು ಪ್ರಬಂಧ ಬರೆಯಲು ಹೇಳಿದ್ದೆ. 15 ಪುಸ್ತಕಗಳಲ್ಲಿ ಈ ನಾಲ್ಕು ಸಾಲುಗಳು ಇದೇ ಕ್ರಮದಲ್ಲಿ ಇದ್ದವು. ಯಾರೂ ಸುಳ್ಳು ಬರೆದಿರಲಿಲ್ಲ. ಆದರೆ ತಮ್ಮ ಮನೆಯ ಮೇಲೆ ಬಿದ್ದ ಮಳೆಯನ್ನು ಒಬ್ಬರೂ ಬರೆದಿರಲಿಲ್ಲ. ಮರುದಿನ ಪ್ರಬಂಧದ ಮಾತು ಬಿಟ್ಟು, ‘ನಿನ್ನೆ ರಾತ್ರಿ ಯಾರ ಮನೆ ಎಲ್ಲಿ ಸೋರಿತು?’ ಎಂದು ಕೇಳಿದೆ. ಹಿಂದಿನ ಸಾಲಿನ ಹುಡುಗನೊಬ್ಬ, ಅಲ್ಲಿಯವರೆಗೆ ಕೇಳಿದರೂ ಬಾಯಿ ಬಿಡದವನು, ಎದ್ದು ನಿಂತ. ‘ಮೂರು ಬದಿಗೆ ಸೋರ್ತು ಅಕ್ಕೋರೇ. ಆಯಿ ಒಂದು ಬದಿಗೆ ಬಾಲ್ದಿ, ಒಂದು ಬದಿಗೆ ಚರಿಗೆ, ಒಂದು ಬದಿಗೆ ಡಬ್ಬಿ ಇಟ್ಟಿದ್ದು. ಮೂರಕ್ಕೂ ಬೇರೆ ಬೇರೆ ಶಬ್ದ.’

ಅವನು ಹೇಳಿದ್ದನ್ನು ಹೇಳಿದ ಹಾಗೇ ಹಲಗೆಯ ಮೇಲೆ ಬರೆದೆ. ಅವನು ಅದನ್ನು ನೋಡಿ ತನ್ನ ಪುಸ್ತಕಕ್ಕೆ ಇಳಿಸಿಕೊಂಡ. ಅವನ ಮೊದಲ ಬರಹ ಅದೇ.

ಆಮೇಲಿನ ವರ್ಷಗಳಲ್ಲಿ ಘಟ್ಟದ ಮೇಲೂ ಕೆಲಸ ಮಾಡಿದೆ, ಕೆಳಗಿಳಿದು ಸಮುದ್ರದ ಬದಿಯಲ್ಲೂ ಪಾಠ ಹೇಳಿದೆ. ಎರಡೂ ಕಡೆ ಒಂದೇ ಮಾತು ನಿಜವಾಯಿತು: ವಿಷಯ ದೊಡ್ಡದಾದಷ್ಟೂ ಮಕ್ಕಳ ಬರಹ ಒಣಗುತ್ತದೆ. ‘ಮಳೆಗಾಲ’ ಕೊಟ್ಟರೆ ಪಠ್ಯಪುಸ್ತಕ ಬರುತ್ತದೆ, ‘ನಿಮ್ಮ ಮನೆಯ ಸೋರುವ ಜಾಗ’ ಕೊಟ್ಟರೆ ಮಗು ಬರುತ್ತದೆ. ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳಿಗೆ ಕಾಲಕಾಲಕ್ಕೆ ನಾನು ಮಾಡಿಸಿದ ಕೆಲಸಗಳನ್ನು ಇಲ್ಲಿ ಬರೆದಿದ್ದೇನೆ. ಮಾಸ್ತರರು, ಅಕ್ಕೋರು ಶಾಲೆಯಲ್ಲಿ ಮಾಡಿಸಬಹುದು. ಅಪ್ಪ ಅಮ್ಮ ಮನೆಯ ಜಗಲಿಯ ಮೇಲೂ ಮಾಡಿಸಬಹುದು.

ಮೊದಲ ತಯಾರಿ

ಪ್ರತಿ ಮಗುವಿಗೆ ಗೆರೆಯಿಲ್ಲದ ನೂರು ಪುಟದ ಒಂದು ಪುಸ್ತಕ ಬೇಕು. ಸಣ್ಣ ತರಗತಿಯ ಮಗು ಮೊದಲು ಚಿತ್ರ ಬಿಡಿಸಿ ಅದರ ಸುತ್ತಮುತ್ತ ಅಕ್ಷರ ಬರೆಯುತ್ತದೆ. ಗೆರೆ ಇದ್ದರೆ ಅದರ ಕೈ ಕಟ್ಟಿದಂತಾಗುತ್ತದೆ. ಈ ಪುಸ್ತಕಕ್ಕೆ ನಾವು ‘ಕಾಲಪುಸ್ತಕ’ ಎನ್ನುತ್ತಿದ್ದೆವು. ಇದಕ್ಕೆ ಅಂಕವಿಲ್ಲ, ಕೆಂಪು ಶಾಯಿಯೂ ಇಲ್ಲ. ಜೊತೆಗೆ ಗೋಡೆಯಿಂದ ಗೋಡೆಗೆ ಕಟ್ಟಿದ ಒಂದು ಹಗ್ಗ, ಬಟ್ಟೆಗೆ ಹಾಕುವ ಕ್ಲಿಪ್ಪು, ಮತ್ತೊಂದು ಬಿದಿರಿನ ಬುಟ್ಟಿ.

ಬುಟ್ಟಿಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಒಂದು ತರಗತಿಯಲ್ಲಿ ಎಷ್ಟು ಮನೆಮಾತು ಇರುತ್ತವೆಯೋ ಲೆಕ್ಕ ಹಾಕಿ ನೋಡಿ. ಹವ್ಯಕರ ಕನ್ನಡ, ಹಾಲಕ್ಕಿಯವರ ಕನ್ನಡ, ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳದ ಕಡೆ ಮರಾಠಿ. ಮಗು ‘ಶೆಟ್ಲಿ’ ಅಂದಾಗ ನಾವು ‘ಸಿಗಡಿ ಅನ್ನಬೇಕು’ ಎಂದು ತಿದ್ದುತ್ತೇವೆ. ಪಕ್ಕದ ಮಗು ‘ಸುಂಗಟ’ ಎನ್ನಲು ಬಾಯಿ ತೆರೆದದ್ದು ಹಾಗೇ ಮುಚ್ಚುತ್ತದೆ. ಅದಕ್ಕೇ ಈ ಬುಟ್ಟಿ. ಮನೆಯಲ್ಲಿ ಬಳಸುವ, ಪುಸ್ತಕದಲ್ಲಿ ಸಿಗದ ಪದ ನೆನಪಾದಾಗಲೆಲ್ಲ ಮಗು ಚೀಟಿಯಲ್ಲಿ ಬರೆದು ಬುಟ್ಟಿಗೆ ಹಾಕಲಿ. ಶನಿವಾರ ಬುಟ್ಟಿ ಸುರಿದು ಓದಿ. ‘ಮುರುಗಲು’ (ಕೋಕಂ ಹಣ್ಣು) ಬಂದರೆ ಕಾರವಾರ ಕಡೆಯ ಮಗು ‘ನಾವು ಬಿರಿಂಡ ಅನ್ನೋದು’ ಎನ್ನುತ್ತದೆ. ಎರಡನ್ನೂ ಅಕ್ಕಪಕ್ಕ ಹಗ್ಗಕ್ಕೆ ಸಿಕ್ಕಿಸಿ. ಪುಸ್ತಕದ ಪದ ಮಕ್ಕಳಿಗೆ ಬರುವುದಿಲ್ಲ ಎಂಬ ಹೆದರಿಕೆ ಬೇಡ. ಮನೆಯ ಪದಕ್ಕೆ ಮರ್ಯಾದೆ ಸಿಕ್ಕ ಮಗು ಪುಸ್ತಕದ ಪದವನ್ನು ಬೇಗ ಕಲಿಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಯಾವ ಕೆಲಸ ಮಾಡಿಸಿದರೂ ಕ್ರಮ ಒಂದೇ. ಮೊದಲು ವಸ್ತು ಕೈಗೆ ಬರಬೇಕು, ಆಮೇಲೆ ಮಾತು ಬಾಯಿಗೆ, ಆಮೇಲೆ ಚಿತ್ರ, ಕೊನೆಗೆ ಅಕ್ಷರ. 40 ನಿಮಿಷದ ಅವಧಿಯಲ್ಲಿ ಅಕ್ಷರಕ್ಕೆ ಹತ್ತು ನಿಮಿಷ ಸಿಕ್ಕರೆ ಧಾರಾಳ. ಉಳಿದ ಅರ್ಧ ಗಂಟೆ ಪೋಲಾಯಿತು ಎಂದುಕೊಳ್ಳಬೇಡಿ. ಬರೆಯುವುದಕ್ಕೆ ಬೇಕಾದದ್ದು ಒಟ್ಟಾಗುವುದೇ ಅಲ್ಲಿ.

ನಲಿಕಲಿ (ಚಟುವಟಿಕೆಯ ಮೂಲಕ ಕಲಿಯುವ) ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಈ ಕೆಲಸಕ್ಕೆ ಅದು ಅನುಕೂಲವೇ. ಒಂದನೇ ತರಗತಿಯ ಮಗು ಹೇಳಲಿ, ಮೂರನೆಯದರ ಮಗು ಬರೆದುಕೊಡಲಿ. ಎರಡನೇ ತರಗತಿಗೆ ಮೂರು ಸಾಲು ಸಾಕು. ನಾಲ್ಕು, ಐದನೆಯವರು ಒಂದು ಪುಟ ಬರೆಯಬಲ್ಲರು, ಪತ್ರವನ್ನೂ ಬರೆಯಬಲ್ಲರು.

ಹನ್ನೊಂದು ಮಳೆಯ ಪುಟಗಳು

ಶಾಲೆ ಶುರುವಾಗುವುದೇ ಮಳೆಯ ಜೊತೆಗೆ. ನಮ್ಮ ಹಿರಿಯರು ಮಳೆಗೆಲ್ಲ ಒಂದೇ ಹೆಸರಿಡಲಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುವ ಲೆಕ್ಕ ಹಿಡಿದು ಹೆಸರು ಕೊಟ್ಟರು. ಜೂನ್ 8ರ ಸುಮಾರಿಗೆ ಮೃಗಶಿರಾ, 22ರ ಹೊತ್ತಿಗೆ ಆರಿದ್ರಾ, ಜುಲೈ 6ರ ಆಸುಪಾಸು ಪುನರ್ವಸು, 20ಕ್ಕೆ ಪುಷ್ಯ, ಆಗಸ್ಟ್ 3ಕ್ಕೆ ಆಶ್ಲೇಷ, 17ಕ್ಕೆ ಮಘೆ, ತಿಂಗಳ ಕೊನೆಗೆ ಹುಬ್ಬೆ. ಆಮೇಲೆ ಉತ್ತರೆ, ಹಸ್ತ, ಚಿತ್ತೆ. ಅಕ್ಟೋಬರ್ 24ರ ಹೊತ್ತಿಗೆ ಸ್ವಾತಿ. ಒಂದೆರಡು ದಿನ ಆಚೀಚೆ ಆಗುತ್ತದೆ, ಗೋಡೆಯ ಕ್ಯಾಲೆಂಡರ್‌ನಲ್ಲೇ ಬರೆದಿರುತ್ತದೆ. ಒಟ್ಟು ಹನ್ನೊಂದು ಮಳೆ, ಕಾಲಪುಸ್ತಕದಲ್ಲಿ ಹನ್ನೊಂದು ಜೋಡಿ ಪುಟ.

ಮಾಡಿಸುವುದು ಹೀಗೆ. ಕ್ಯಾಲೆಂಡರ್ ನೋಡುವ ಕೆಲಸವನ್ನು ಒಂದು ಮಗುವಿಗೆ ವಹಿಸಿ. ಹೊಸ ಮಳೆ ಹುಟ್ಟುವ ದಿನ ಅದು ಪ್ರಾರ್ಥನೆಯ ಹೊತ್ತಿಗೆ ಘೋಷಣೆ ಮಾಡಲಿ. ಅಂದು ಸಂಜೆ ಎಲ್ಲರೂ ಮನೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದ ಮನೆಯ ಹಿರಿಯರನ್ನೋ ‘ಈ ಮಳೆ ಹೇಗಿರ್ತದೆ?’ ಎಂದು ಕೇಳಿಕೊಂಡು ಬರಲಿ. ‘ಆರಿದ್ರಾ ಆರದೆ ಹೊಯ್ತದೆ’, ‘ಬಂದರೆ ಮಘೆ, ಇಲ್ಲದಿದ್ದರೆ ಹೊಗೆ’, ಹೀಗೆ ಏನಾದರೂ ಬಂದೇ ಬರುತ್ತದೆ. ಗಾದೆ ಗೊತ್ತಿಲ್ಲದ ಮನೆಯಿಂದ ಆ ಮಳೆಗೆ ಮಾಡುವ ಕೆಲಸ ಬರುತ್ತದೆ: ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವುದು, ನಾಟಿ, ಬೆಟ್ಟದಲ್ಲಿ ಕಳಲೆ (ಎಳೆ ಬಿದಿರು) ಹುಡುಕುವುದು. ಇದು ಎಡಗಡೆ ಪುಟಕ್ಕೆ. ಬಲಗಡೆ ಪುಟ ಹದಿಮೂರು ದಿನ ಖಾಲಿ ಇರಲಿ. ಮಗು ತಾನು ಕಂಡದ್ದನ್ನು ಅಲ್ಲಿ ಬರೆಯಲಿ, ದಿನಕ್ಕೆ ಒಂದು ಸಾಲು, ಇಲ್ಲವೇ ವಾರಕ್ಕೆ ಎರಡು. ಮಳೆ ಮುಗಿಯುವ ದಿನ ಎರಡೂ ಪುಟ ಓದಿ, ‘ಹಿರಿಯರು ಹೇಳಿದ ಹಾಗೆ ಆಯ್ತಾ?’ ಎಂದು ಕೇಳಿ.

ಈ ಪ್ರಶ್ನೆಯಿಂದಲೇ ಮಗು ಬರಹಗಾರನಾಗುವುದು. ಒಂದು ವರ್ಷ ಆರಿದ್ರಾದಲ್ಲಿ ಐದು ದಿನ ಬಿಸಿಲು ಕಾಯಿತು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬಲಗಡೆ ಪುಟದಲ್ಲಿ ಬರೆದಳು: ‘ಅಜ್ಜ ಹೇಳಿದ ಆರಿದ್ರಾ ಬರಲಿಲ್ಲ. ಬೇರೆ ಯಾವುದೋ ಮಳೆ ಅದರ ಹೆಸರು ಹಾಕಿಕೊಂಡು ಬಂದಿದೆ.’ ‘ಕಲ್ಪನೆ ಮಾಡಿ ಬರೆಯಿರಿ’ ಎಂದು ನಾನು ಯಾವತ್ತೂ ಹೇಳಿರಲಿಲ್ಲ. ಹದಿಮೂರು ದಿನ ಸರಿಯಾಗಿ ನೋಡಿದ್ದಕ್ಕೆ ಆ ಸಾಲು ತಾನಾಗಿ ಬಂತು.

ಇನ್ನೊಂದು ಕೆಲಸ ಜೋರು ಮಳೆಯ ದಿನಕ್ಕೆ. ಹಂಚಿನ ಮೇಲೆ ಬೀಳುವ ಸದ್ದಿಗೆ ಪಾಠ ಕೇಳಿಸದೆ ನಾವು ಸುಮ್ಮನೆ ಕೂರುವ ದಿನಗಳಿರುತ್ತವಲ್ಲ, ಅವತ್ತಿಗೆ.

1. ಜಗಲಿಯ ಅಂಚಿನಲ್ಲಿ, ಸೂರಿನ ನೀರು ಬೀಳುವಲ್ಲಿ ನಾಲ್ಕು ವಸ್ತು ಸಾಲಾಗಿ ಇಡಿ: ಬೋರಲು ಹಾಕಿದ ಬಾಲ್ದಿ, ಅಡಿಕೆ ಹಾಳೆ, ಕೆಸುವಿನ ಎಲೆ, ಹಳೆಯ ತಗಡಿನ ತುಂಡು. ಮಕ್ಕಳು ಒಳಗೇ ಕೂತಿರಲಿ. ಗುಡುಗು ಸಿಡಿಲು ಇದ್ದರೆ ಈ ಕೆಲಸ ಬೇಡ.

2. ಎರಡು ನಿಮಿಷ ಎಲ್ಲರೂ ಕಣ್ಣು ಮುಚ್ಚಲಿ.

3. ಕಣ್ಣು ತೆರೆದ ಮೇಲೆ ಮಾತಿಲ್ಲ, ಕೇಳಿದ ಶಬ್ದ ಮಾತ್ರ. ಒಬ್ಬೊಬ್ಬರು ಹೇಳಿದ್ದನ್ನು ಅವರು ಹೇಳಿದ ಹಾಗೆ ಹಲಗೆಗೆ ಬರೆಯಿರಿ. ಮೊದಲ ಸುತ್ತಿನಲ್ಲಿ ‘ಟಪ್ ಟಪ್’, ‘ಜಿಟಿಜಿಟಿ’ ಬರುತ್ತವೆ, ಅವು ಪುಸ್ತಕದವು. ನಿಲ್ಲಿಸದೆ ಮೂರನೇ ಸುತ್ತಿಗೆ ಹೋಗಿ. ‘ಡುಬುಕ್ಕು’, ‘ಚೊಳ್’, ‘ತಟ್ಟುಂಯ್’ ಹುಟ್ಟುವುದು ಆಗ.

4. ಪ್ರತಿ ಮಗುವೂ ಒಂದು ಶಬ್ದ ಆರಿಸಿಕೊಂಡು ಅದರ ಬಗ್ಗೆ ಮೂರು ಸಾಲು ಬರೆಯಲಿ. ‘ಮಳೆ’ ಎಂಬ ಪದವನ್ನು ಮಾತ್ರ ಬಳಸುವ ಹಾಗಿಲ್ಲ.

ಕೊನೆಯ ಷರತ್ತನ್ನು ಬಿಡಬೇಡಿ. ‘ಮಳೆ’ ಪದ ಸಿಗದಾಗ ಮಗು ನೀರು, ಸೂರು, ಹಾಳೆ, ಕಾಗೆ, ಅಪ್ಪನ ಕಂಬಳಿಕೊಪ್ಪೆ ಎಲ್ಲವನ್ನೂ ಹುಡುಕಿಕೊಂಡು ಹೋಗುತ್ತದೆ. ನಮ್ಮ ಭಾಷೆಯಲ್ಲಿ ಇಂಥ ಅನುಕರಣ ಶಬ್ದಗಳ ರಾಶಿಯೇ ಇದೆ. ಅವನ್ನು ಬಳಸಲು ಏಳು ವರ್ಷದ ಮಗುವಿಗೆ ವ್ಯಾಕರಣ ಬೇಕಾಗಿಲ್ಲ.

ಜಿಲ್ಲಾಡಳಿತ ಮಳೆಗೆ ರಜೆ ಕೊಟ್ಟ ದಿನ ಮನೆಯಲ್ಲಿ ಮಾಡಲು ಹೇಳುತ್ತಿದ್ದ ಕೆಲಸ ಸಣ್ಣದು. ಬೆಳಿಗ್ಗೆಯಿಂದ ಸಂಜೆಯವರೆಗೆ ಮನೆಯ ಒಂದೇ ಕಿಟಕಿಯಿಂದ ನಾಲ್ಕು ಸಲ ಹೊರಗೆ ನೋಡಿ, ನಾಲ್ಕು ಸಾಲು ಬರೆಯುವುದು. ಕಿಟಕಿ ಬದಲಾಗಬಾರದು.

ದಡದ ಮೇಲಿನ ದೋಣಿಗೆ 61 ಸಾಲು

ಕರಾವಳಿಯ ಶಾಲೆಗಳಿಗೆ ಇದು ಹೇಳಿ ಮಾಡಿಸಿದ್ದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಕಾರವಾರದ ಬೈತಖೋಲದಲ್ಲಿ, ತದಡಿಯಲ್ಲಿ, ಹೊನ್ನಾವರದಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಮನೆಯಲ್ಲಿ ಬಲೆ ರಿಪೇರಿ ನಡೆಯುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇರುವುದೂ ಮಕ್ಕಳಿಗೆ ಗೊತ್ತಿರುತ್ತದೆ. ಯಂತ್ರವಿಲ್ಲದ ನಾಡದೋಣಿಗಳಿಗೆ ಈ ನಿಷೇಧವಿಲ್ಲ ಎಂಬುದನ್ನು ಮಕ್ಕಳೇ ನಮಗೆ ಹೇಳುತ್ತಾರೆ.

ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿ ಅಂಟಿಸಿ ಉದ್ದನೆಯ ಒಂದು ಪಟ್ಟಿ ಮಾಡಿ, ಗೋಡೆಯ ಕೆಳಭಾಗಕ್ಕೆ, ಮಕ್ಕಳ ಕೈಗೆ ಎಟುಕುವಂತೆ ಅಂಟಿಸಿ. 1ರಿಂದ 61ರವರೆಗೆ ಸಂಖ್ಯೆ ಹಾಕಿ. ದಿನಕ್ಕೊಂದು ಮಗು ಒಂದು ಸಾಲು ಬರೆಯಬೇಕು, ದೋಣಿ ತಾನೇ ಮಾತಾಡುತ್ತಿರುವ ಹಾಗೆ. ಭಾನುವಾರದ ಸಾಲನ್ನು ಬಂದರಿನ ಹತ್ತಿರ ಮನೆಯಿರುವ ಮಗು ಸೋಮವಾರ ತಂದು ಬರೆಯಲಿ. ಮೊದಲ ವಾರ ‘ನಾನು ದೋಣಿ. ನನಗೆ ಬೇಜಾರು’ ಎಂಬಂಥವೇ ಬರುತ್ತವೆ. ಆಗ ತಿದ್ದದೆ, ‘ದೋಣಿಗೆ ಇವತ್ತು ಏನು ಕಾಣಿಸ್ತು? ಅದರ ಮೇಲೆ ಯಾರು ಕೂತಿದ್ದರು?’ ಎಂದಷ್ಟೇ ಕೇಳಿ. ಮೂರನೇ ವಾರಕ್ಕೆ ಬಂದ ಸಾಲು: ‘ಇವತ್ತು ನನ್ನೊಳಗೆ ಮಳೆನೀರು ನಿಂತಿದೆ. ಸಮುದ್ರವೇ ನನ್ನ ಮೇಲೆ ಹತ್ತಿ ಕೂತಿದೆ.’ ಆಗಸ್ಟ್ 1ರಂದು ಇಡೀ ಪಟ್ಟಿಯನ್ನು ಎಲ್ಲರೂ ಸೇರಿ ಗಟ್ಟಿಯಾಗಿ ಓದಿ. ಮೀನು ಹಿಡಿಯುವ ಅಪ್ಪ, ಮಾರುವ ಅಮ್ಮ ಬಂದು ಕೇಳುವಂತಾದರೆ ಇನ್ನೂ ಒಳ್ಳೆಯದು.

ಘಟ್ಟದ ಮೇಲಿನವರು ಇದೇ ಕೆಲಸವನ್ನು ಮುಂಡಿಗೆಕೆರೆಯ ಬೆಳ್ಳಕ್ಕಿಗಳ ಮೇಲೆ ಮಾಡಬಹುದು. ಸೋಂದೆಯ ಹತ್ತಿರದ ಆ ಕೆರೆಗೆ ಮಳೆಗಾಲದ ಆರಂಭದಲ್ಲಿ ಹಕ್ಕಿಗಳು ಬಂದು ಮುಂಡಿಗೆ ಪೊದೆಗಳಲ್ಲಿ ಗೂಡು ಕಟ್ಟುತ್ತವೆ. ಹತ್ತಿರದ ಮಕ್ಕಳಿಗೆ ಅದು ದಾರಿಯಲ್ಲಿ ಕಾಣುವ ನೋಟವೇ.

ಮಳೆಗೆ ಹೆದರುವ ಮಗು

ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಗಂಗಾವಳಿ, ಅಘನಾಶಿನಿ, ಕಾಳಿ ನದಿಯ ಬದಿಯ ಊರುಗಳಲ್ಲಿ ಮಳೆ ಎಂದರೆ ಕಾಗದದ ದೋಣಿ ಮಾತ್ರ ಅಲ್ಲ. 2019ರ ಆಗಸ್ಟ್‌ನ ನೆರೆಯಲ್ಲಿ ಮನೆಯೊಳಗೆ ನೀರು ಬಂದದ್ದನ್ನು ಕಂಡ ಮಕ್ಕಳಿದ್ದಾರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದವು. ಆ ಸುದ್ದಿ ವಾರಗಟ್ಟಲೆ ಎಲ್ಲರ ಮನೆಯ ಟಿವಿಯಲ್ಲಿತ್ತು. ಅಂಥ ಮಗುವಿಗೆ ‘ಮಳೆಯ ಖುಷಿ’ ಬರೆಯಲು ಹೇಳುವುದು ಕ್ರೂರ. ‘ಆ ದಿನ ಏನಾಯ್ತು ಬರಿ’ ಎನ್ನುವುದು ಅದಕ್ಕಿಂತಲೂ ಕ್ರೂರ.

ಆದ್ದರಿಂದ ಮಳೆಯ ಕೆಲಸ ಯಾವುದೇ ಇರಲಿ, ಪಕ್ಕದಲ್ಲಿ ಮಳೆಗೆ ಸಂಬಂಧವಿಲ್ಲದ ಇನ್ನೊಂದು ಕೆಲಸ ಇಟ್ಟಿರಿ; ಯಾಕೆ ಅದನ್ನು ಆರಿಸಿಕೊಂಡೆ ಎಂದು ಕೇಳಬೇಡಿ. ಮಗು ತಾನಾಗಿ ಬರೆದರೆ ಅದನ್ನು ಹಗ್ಗಕ್ಕೆ ಸಿಕ್ಕಿಸಬೇಡಿ, ತರಗತಿಯಲ್ಲಿ ಓದಿಸಲೂ ಬೇಡಿ. ನನ್ನ ಮೇಜಿನಲ್ಲಿ ಒಂದು ಮುಚ್ಚಿದ ಡಬ್ಬಿ ಇರುತ್ತಿತ್ತು. ‘ಇದರಲ್ಲಿ ಹಾಕಿದ್ದನ್ನು ನೀನು ಓದು ಅಂದರೆ ಮಾತ್ರ ಓದುತ್ತೇನೆ’ ಎಂದು ಮಾತು ಕೊಟ್ಟಿದ್ದೆ, ಮಾತು ಉಳಿಸಿಕೊಂಡಿದ್ದೆ. ಮಗು ರಾತ್ರಿ ನಿದ್ದೆ ಮಾಡುತ್ತಿಲ್ಲ, ಮೋಡ ಕಂಡರೆ ಅಳುತ್ತದೆ ಎಂದು ಗೊತ್ತಾದರೆ ಬರವಣಿಗೆಯನ್ನು ಬದಿಗಿಟ್ಟು ಮನೆಯವರ ಜೊತೆ ಮಾತಾಡಿ, ವೈದ್ಯರಿಗೆ ತೋರಿಸಿ.

ತಿದ್ದುವುದು ಯಾವಾಗ

ಎಲ್ಲರೂ ಕೇಳುವ ಪ್ರಶ್ನೆ ಇದು: ಒತ್ತಕ್ಷರ ತಪ್ಪಿದರೆ ಸುಮ್ಮನಿರಬೇಕೇ? ಕಾಲಪುಸ್ತಕದಲ್ಲಿ ಸುಮ್ಮನಿರಿ. ಅಲ್ಲಿ ಪೆನ್ಸಿಲ್‌ನಿಂದ ಒಂದೇ ಒಂದು ಪ್ರಶ್ನೆ ಬರೆಯಿರಿ, ನಿಮಗೆ ನಿಜವಾಗಿ ತಿಳಿಯಬೇಕೆನಿಸಿದ್ದನ್ನು: ‘ಆ ನಾಯಿ ಆಮೇಲೆ ಎಲ್ಲಿ ಮಲಗಿತು?’ ಮಗು ಉತ್ತರ ಬರೆಯುತ್ತದೆ, ಮೂರು ಸಾಲು ಐದಾಗುತ್ತದೆ. ತಿಂಗಳಿಗೊಮ್ಮೆ ತನಗೆ ಇಷ್ಟವಾದ ಒಂದು ಬರಹವನ್ನು ಮಗುವೇ ಗೋಡೆ ಪತ್ರಿಕೆಗೆ ಆರಿಸಲಿ. ತಿದ್ದುವುದು ಆಗ. ‘ಇದನ್ನು ಹೊರಗಿನವರು ಓದ್ತಾರೆ, ಅವರಿಗೆ ಸರಿಯಾಗಿ ಗೊತ್ತಾಗಬೇಕಲ್ಲ’ ಅಂದರೆ ಮಗು ತಾನೇ ಪಕ್ಕಕ್ಕೆ ಬಂದು ಕೂತು ತಿದ್ದಿಸಿಕೊಳ್ಳುತ್ತದೆ. ಒಂದು ಸಲಕ್ಕೆ ಎರಡು ಬಗೆಯ ತಪ್ಪು ಸಾಕು. ಈ ತಿಂಗಳು ಅಲ್ಪಪ್ರಾಣ–ಮಹಾಪ್ರಾಣ ನೋಡಿದರೆ ಮುಂದಿನ ತಿಂಗಳು ಪೂರ್ಣವಿರಾಮ.

ಮನೆಯವರು ಬರೆದುಕೊಟ್ಟದ್ದು ಓದಿದ ಕೂಡಲೇ ತಿಳಿಯುತ್ತದೆ. ಅದರಲ್ಲಿ ‘ಪ್ರಕೃತಿಯ ಮಡಿಲು’ ಇರುತ್ತದೆ, ಸೋರುವ ಡಬ್ಬಿ ಇರುವುದಿಲ್ಲ. ಪಾಲಕರ ಸಭೆಯಲ್ಲಿ ಕೈಮುಗಿದು ಹೇಳಿ: ನೀವು ಕತೆ ಹೇಳಿ, ಪ್ರಶ್ನೆ ಕೇಳಿ, ಪೆನ್ಸಿಲ್ ಮಾತ್ರ ಹಿಡಿಯಬೇಡಿ.

ಚೌತಿಯ ಹೊತ್ತಿಗೆ

ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಚೌತಿಗೆ ಮೊದಲು ಚಕ್ಕುಲಿ ಕಂಬಳ ನಡೆಯುತ್ತದೆ. ಕೇರಿಯವರೆಲ್ಲ ಒಂದು ಮನೆಗೆ ಸೇರಿ ಕೈಯಲ್ಲೇ ಚಕ್ಕುಲಿ ಸುತ್ತುತ್ತಾರೆ, ಮರುದಿನ ಇನ್ನೊಂದು ಮನೆ. ‘ಮೊದಲು’, ‘ಆಮೇಲೆ’, ‘ಅಷ್ಟರಲ್ಲಿ’, ‘ಕೊನೆಗೆ’ ಎಂಬ ಪದಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಮಗು ಅಲ್ಲಿ ಒಬ್ಬರ ಕೈಯನ್ನು ಮಾತ್ರ ನೋಡಲಿ. ಹಿಟ್ಟು ಹೊಸೆಯುವ ಬೆರಳು ಎತ್ತ ತಿರುಗುತ್ತದೆ? ಎಷ್ಟು ಸುತ್ತು? ಮುರಿದರೆ ಏನು ಮಾಡುತ್ತಾರೆ? ಬಂದು ಬರೆದದ್ದನ್ನು ಇನ್ನೊಂದು ಮಗು ಓದಿ, ಒಂದು ಹಗ್ಗದ ತುಂಡಿನಲ್ಲಿ ಹಾಗೇ ಸುತ್ತಲಿ. ಚಕ್ಕುಲಿಯ ಆಕಾರ ಬಂದರೆ ಬರಹ ಸರಿಯಾಗಿದೆ. ಬರದಿದ್ದರೆ ಎಲ್ಲಿ ಸಾಲು ಬಿಟ್ಟಿದೆ ಎಂಬುದು ಬರೆದವರಿಗೇ ತಿಳಿಯುತ್ತದೆ.

ಎರಡನೇ ತರಗತಿಗೆ ಫಲಾವಳಿ ಪದ್ಯ. ಗಣಪತಿಯ ಮೇಲೆ ಕಟ್ಟುವ ಫಲಾವಳಿಯ ಹಾಗೆ, ತರಗತಿಯ ಹಗ್ಗಕ್ಕೆ ಒಬ್ಬೊಬ್ಬರು ಒಂದೊಂದು ಕಾಯಿ, ಹಣ್ಣು ಬಿಡಿಸಿ ನೇತುಹಾಕಲಿ. ಅದರ ಮೇಲೆ ಎರಡೇ ಪದ: ‘ಮುಳ್ಳಿನ ಸೌತೆ’, ‘ಮುನಿದ ಹಾಗಲ’, ‘ಬೋಳು ಕುಂಬಳ’. ಎಡದಿಂದ ಬಲಕ್ಕೆ ಓದಿದರೆ ಪದ್ಯವೇ ಆಗಿರುತ್ತದೆ.

ಎಲ್ಲ ಮನೆಯಲ್ಲೂ ಚೌತಿ ಇರುವುದಿಲ್ಲ. ಸೆಪ್ಟೆಂಬರ್ 8ರ ಕ್ರೈಸ್ತರ ಮೋಂತಿ ಹಬ್ಬಕ್ಕೆ ಹೊಸ ತೆನೆ ತರುವ ಮನೆಯ ಮಗು ತೆನೆಯನ್ನು ಬರೆಯಲಿ, ಈದ್‌ನ ಶಾವಿಗೆ ಕಂಡ ಮಗು ಶಾವಿಗೆಯ ಕೈಕೆಲಸ ಬರೆಯಲಿ. ‘ಹಬ್ಬದ ದಿನ ಮನೆಯಲ್ಲಿ ಯಾರ ಕೈ ಏನು ಮಾಡುತ್ತಿತ್ತು’ ಎಂದು ವಿಷಯ ಕೊಟ್ಟರೆ ಯಾರೂ ಹೊರಗುಳಿಯುವುದಿಲ್ಲ.

ದಸರಾ ರಜೆಯ ಹೊತ್ತಿಗೆ ಭೂಮಿ ಹುಣ್ಣಿಮೆ. ತೆನೆ ಹೊತ್ತ ಗದ್ದೆ ಬಸುರಿ ಎಂದು ಬಗೆದು, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತೊಯ್ದು ಉಣಿಸುವ ಹಬ್ಬ. ಇಲ್ಲಿ ಒಂದೇ ಪ್ರಶ್ನೆ: ‘ಗದ್ದೆಗೆ ಏನು ತಿನ್ನುವ ಆಸೆಯಾಗಿದೆ? ಗದ್ದೆಯನ್ನೇ ಕೇಳಿ ಬರಿ.’ ಇದಕ್ಕೆ ಬಂದ ಉತ್ತರಗಳನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ.

ಚಳಿಗಾಲ: ಕೇಳಿ ಬರೆಯುವ ಕಾಲ

ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾದರೆ ಮಕ್ಕಳಿಗೆ ಸಂದರ್ಶನ ಮಾಡಿಸಿ. ಮರದಿಂದ ಮರಕ್ಕೆ ದಾಟುವ ಕೊನೆಗೌಡರು ನಮ್ಮ ಮಕ್ಕಳ ಕಣ್ಣಿಗೆ ಯಾವ ಸಿನಿಮಾ ನಾಯಕನಿಗೂ ಕಡಿಮೆಯಲ್ಲ. ಕೊಯ್ಲಿನ ನಡುವೆ ಬೇಡ. ಅವರು ಕೆಳಗಿಳಿದು ಆಸರಿ ಕುಡಿಯುವ ಹೊತ್ತಿಗೆ, ದೊಡ್ಡವರೊಬ್ಬರ ಜೊತೆ ಹೋಗಿ ಕೇಳಲಿ. ಪ್ರಶ್ನೆ ಐದು, ಹಿಂದಿನ ದಿನವೇ ತಯಾರಿರಬೇಕು, ‘ಹೌದು’ ‘ಇಲ್ಲ’ ಎಂದು ಮುಗಿಯುವ ಪ್ರಶ್ನೆ ಇರಬಾರದು. ‘ಮೇಲೆ ಹೆದರಿಕೆ ಆಗ್ತದಾ?’ ಅಂದರೆ ಉತ್ತರ ಒಂದೇ ಪದ. ‘ಮೇಲಿಂದ ನಮ್ಮ ಮನೆ ಹೇಗೆ ಕಾಣ್ತದೆ?’ ಅಂದರೆ ಒಂದು ಪುಟ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದನ್ನು ಐದನೆಯವರಿಗೆ ಹೇಳಬಹುದು. ಆದರೆ ಬರಹದಲ್ಲಿ ಅದಕ್ಕಿಂತ ಆ ಉತ್ತರವೇ ಬರಲಿ.

ಅಡಿಕೆ ಸುಲಿಯುವ ರಾತ್ರಿ ಕತೆ ಹೇಳುವವರು ಇದ್ದೇ ಇರುತ್ತಾರೆ. ಮೆಟ್ಟುಗತ್ತಿಯಿಂದ ದೂರ ಕೂತು ಮಗು ಒಂದು ಕತೆ ಕೇಳಿಕೊಂಡು ಬರಲಿ, ಬರೆಯುವ ಮೊದಲು ತರಗತಿಯಲ್ಲಿ ಬಾಯಲ್ಲಿ ಹೇಳಲಿ. ಈ ಬಾಯಿಯ ಮೆಟ್ಟಿಲನ್ನು ಹಾರಬೇಡಿ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರು ಹಾಡುತ್ತಿದ್ದ ಹಾಲಕ್ಕಿ ಹಾಡುಗಳೆಲ್ಲ ಹಿರಿಯರ ಬಾಯಿಂದ ಕೇಳಿ ಕಲಿತವು. ಮಾತಿನಲ್ಲಿ ಗಟ್ಟಿಯಾಗಿ ನಿಂತದ್ದು ಕಾಗದದ ಮೇಲೆ ತಾನಾಗಿ ನಿಲ್ಲುತ್ತದೆ.

ಜನವರಿ, ಫೆಬ್ರುವರಿಯ ಆಲೆಮನೆಯಲ್ಲಿ ರುಚಿಯ ಕೆಲಸ: ಕಬ್ಬಿನ ಹಾಲು, ನೊರೆಬೆಲ್ಲ, ಜೋನಿಬೆಲ್ಲ ಮೂರನ್ನೂ ನಾಲಿಗೆಗಿಟ್ಟು, ‘ಸಿಹಿ’ ಎಂಬ ಪದವಿಲ್ಲದೆ ಬರೆಯುವುದು.

ಕಡಲ ಬದಿಯವರಿಗೆ ಈ ತಿಂಗಳುಗಳಲ್ಲಿ ಕಡಲಾಮೆ ಇದೆ. ಹೊನ್ನಾವರದ ಕಾಸರಕೋಡು, ಕಾರವಾರದ ದೇವಬಾಗ ಕಡೆಯ ಮರಳಿಗೆ ಆಲಿವ್ ರಿಡ್ಲೆ ಆಮೆಗಳು ಬಂದು ಒಂದೊಂದೂ ಸುಮಾರು ನೂರು ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆಯವರು ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ಮರಿ ಹೊರಬರಲು ಒಂದೂವರೆಯಿಂದ ಎರಡು ತಿಂಗಳು. ಅಷ್ಟು ದಿನ ಮಕ್ಕಳು ಮರಳಿನೊಳಗಿನ ಮರಿಗೆ ಪತ್ರ ಬರೆಯಲಿ: ಹೊರಗೆ ಏನಿದೆ, ಸಮುದ್ರ ಯಾವ ಬದಿಗಿದೆ, ಯಾರಿಗೆ ಹೆದರಬೇಕು. ಕಡಲ ದಂಡೆಗೆ ಮಕ್ಕಳನ್ನು ಕರೆದೊಯ್ದರೆ ಪುಸ್ತಕವನ್ನು ಶಾಲೆಯಲ್ಲೇ ಬಿಟ್ಟು ಹೋಗಿ. ದಂಡೆಯ ಮೇಲೆ ಕೂರಿಸಿ ಬರೆಸಿದರೆ ಮಕ್ಕಳು ಪುಸ್ತಕ ನೋಡುತ್ತಾರೆ, ಕಡಲನ್ನಲ್ಲ. 1883ರಲ್ಲಿ ರವೀಂದ್ರನಾಥ ಠಾಗೋರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಗೆ ಹೋಗಿ, ಮರಳಿನ ಮೇಲೆ ನಡೆದು ಮನೆಗೆ ಬಂದ ಮೇಲೆ ಅವರು ಪದ್ಯ ಬರೆದರು. ನಮ್ಮ ಮಕ್ಕಳಿಗೂ ಅದೇ ಕ್ರಮ: ಇವತ್ತು ನಡಿಗೆ, ನಾಳೆ ಬರಹ.

ಬೇಸಿಗೆ, ಉಪ್ಪು, ಪೋಸ್ಟ್ ಕಾರ್ಡು

ಮಾರ್ಚ್ ಎಂದರೆ ಪರೀಕ್ಷೆ. ಹೊಸ ಕೆಲಸ ಹೆಚ್ಚು ಬೇಡ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಜಾತ್ರೆಯ ಪೇಟೆಯ ನಕ್ಷೆ ಬಿಡಿಸಿ, ಕೈತಪ್ಪಿದ ಒಂದು ಬಲೂನು ಎಲ್ಲೆಲ್ಲಿ ಹಾರಿ ಏನೇನು ಕಂಡಿತು ಎಂದು ಬರೆಸಬಹುದು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರ ಬೇಸಿಗೆಯಲ್ಲಿ ಬೆಳ್ಳಗಾಗುತ್ತದೆ. ಒಂದೊಂದು ಹರಳು ಉಪ್ಪನ್ನು ಮಕ್ಕಳ ಅಂಗೈಗೆ ಇಟ್ಟು ಒಗಟು ಕಟ್ಟಿಸಿ: ‘ನೀರಲ್ಲಿ ಹುಟ್ಟಿ ನೀರಿಗೆ ಹೆದರುವವ ಯಾರು?’ ಐದನೇ ತರಗತಿಗೆ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಕತೆ ಹೇಳಿ, ಆ ಗುಂಪಿನಲ್ಲಿ ಅಪ್ಪನ ಹೆಗಲ ಮೇಲೆ ಕೂತಿದ್ದ ಮಗು ಕಂಡದ್ದನ್ನು ಬರೆಸಿ.

ಏಪ್ರಿಲ್ ಮತ್ತು ಮೇ ರಜೆಗೆ ಪೋಸ್ಟ್ ಕಾರ್ಡು. ಒಂದಕ್ಕೆ 50 ಪೈಸೆ. ಘಟ್ಟದ ಮೇಲಿನ ಒಂದು ಶಾಲೆ, ಕೆಳಗಿನ ಒಂದು ಶಾಲೆ, ಎರಡರ ಶಿಕ್ಷಕರು ಡಿಸೆಂಬರ್‌ನಲ್ಲೇ ಮಾತಾಡಿಕೊಂಡು ಮಕ್ಕಳ ಜೋಡಿ ಮಾಡಿ. ದೇವಿಮನೆ ಘಟ್ಟ ಇಳಿದರೆ ಕುಮಟಾ, ಆದರೂ ಮೇಲಿನ ಎಷ್ಟೋ ಮಕ್ಕಳು ಬಲೆ ನೇಯುವುದನ್ನು ಕಂಡಿರುವುದಿಲ್ಲ. ಕೆಳಗಿನ ಮಕ್ಕಳಿಗೆ ಉಂಬಳ (ಜಿಗಣೆ), ಅಪ್ಪೆಮಿಡಿ ಗೊತ್ತಿರುವುದಿಲ್ಲ. ಪ್ರತಿ ಮಗುವಿಗೆ ಎರಡು ಕಾರ್ಡು ಕೊಡಿ, ವಿಳಾಸವಾಗಿ ಶಾಲೆಯದ್ದನ್ನೇ ಹಾಕಿಸಿ, ಮಕ್ಕಳ ಮನೆಯದ್ದು ಬೇಡ. ರಜೆಯಲ್ಲಿ ಶಾಲೆ ಮುಚ್ಚಿದ್ದರೂ ಅಂಚೆಯವರಿಗೆ ಒಂದು ಮಾತು ಹೇಳಿಟ್ಟರೆ ಜೂನ್‌ವರೆಗೆ ಕಟ್ಟು ಕಟ್ಟಿ ಇಟ್ಟಿರುತ್ತಾರೆ.

ಮೊದಲ ಕಾರ್ಡಿನಲ್ಲಿ ತಮ್ಮ ಊರಿನ ಈ ವಾರದ ಒಂದು ಹಣ್ಣು: ಕೆಳಗಿನವರು ಕರಿ ಈಶಾಡ ಮಾವು, ಗೇರು, ಮೇಲಿನವರು ಹಲಸು, ಮುರುಗಲು, ಕವಳಿ. ಬಣ್ಣ, ವಾಸನೆ, ತಿಂದ ಮೇಲೆ ಕೈಗೆ ಅಂಟಿದ್ದು, ಮರ ಹತ್ತಿದ್ದಕ್ಕೆ ಬೈದವರು ಯಾರು, ಎಲ್ಲ ಬರಲಿ. ಎರಡನೆಯದರಲ್ಲಿ ಆ ಕಡೆಯ ಮಗುವಿಗೆ ಒಂದು ಪ್ರಶ್ನೆ. ಜೂನ್ ಮೊದಲ ವಾರ, ಮೃಗಶಿರಾ ಹುಟ್ಟುವ ಮೊದಲು, ಅಂಚೆಯ ಕಟ್ಟನ್ನು ಮಕ್ಕಳ ಎದುರೇ ಬಿಚ್ಚಿ. ನಮ್ಮ ಕಟ್ಟಿನಲ್ಲಿ ಒಮ್ಮೆ ಬಂದ ಕಾರ್ಡು ಇದು: ‘ನಮ್ಮ ದೋಣಿ ನಿನ್ನೆ ಮೇಲೆ ಎಳೆದರು. ಹಗ್ಗ ಎಳೆಯಲು ನಾನೂ ಇದ್ದೆ. ನಿಮ್ಮಲ್ಲಿ ಮಳೆ ಬಂತಾ? ಬಂದರೆ ಅದು ಯಾವ ಮಳೆ?’